ಖಾಲಿ ಕುರ್ಚಿಗಳಿಗೆ ಹಾಡುತ್ತಿದ್ದ ಮನೆ

ಎರಡು ವರ್ಷದ ಹಿಂದಿನ ಡಿಸೆಂಬರ್. ಕ್ರಿಸ್‌ಮಸ್ ತಾತನ ವೇಷ ಹಾಕಿಕೊಂಡು, ಬಬಲೇಶ್ವರದ ಓಣಿಗಳಲ್ಲಿ ತನ್ನ ಕ್ಯಾರೋಲ್ ತಂಡವನ್ನೇ ಕಳೆದುಕೊಂಡ ಮಹಾಪುರುಷ ನಾನೇ.

ತಪ್ಪು ಮುಖವಾಡದ್ದು ಎಂದು ಇಂದಿಗೂ ವಾದಿಸುತ್ತೇನೆ. ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು. ಅದರ ಕಣ್ಣಿನ ತೂತುಗಳು ಮನುಷ್ಯರ ಅಳತೆಯವಲ್ಲ. ಒಂದರಲ್ಲಿ ಇಣುಕಿದರೆ ಇನ್ನೊಂದು ಕಿವಿಯ ಹತ್ತಿರ ಹೋಗುತ್ತಿತ್ತು. ಹೊಟ್ಟೆಗೆ ದಿಂಬು, ಅದರ ಮೇಲೆ ಅವ್ವನ ಹಳೆಯ ಸೀರೆಯ ಬಿಗಿತ. ಉಸಿರಾಡುವುದೇ ದೊಡ್ಡ ಸಾಧನೆಯಾಗಿತ್ತು.

ನಮ್ಮದು ವಿಜಯಪುರದ ಒಂದು ಸಣ್ಣ ಚರ್ಚು. ಹಬ್ಬಕ್ಕೆ ಮೊದಲು ಸಭೆಯವರ ಮನೆಮನೆಗೆ ಹೋಗಿ ಹಾಡಿ ಬರುತ್ತೇವೆ. ಬಬಲೇಶ್ವರದಲ್ಲೂ ನಮ್ಮವರ ಕೆಲವು ಮನೆಗಳಿವೆ. ಅಂದು ಟಂಟಂ ಆಟೋದಲ್ಲಿ ಹೋಗಿದ್ದೆವು. ಮುಂದಾಳು ಮನೋಹರ ಕಾಕಾ, ಸಭೆಯ ಹಿರಿಯರು. ಅವರೊಮ್ಮೆ ನೋಡಿದರೆ ಅಳುವ ಕೂಸೂ ಸುಮ್ಮನಾಗುತ್ತದೆ.

ಮುಸ್ಸಂಜೆಗೆ ಕರೆಂಟು ಹೋಯಿತು. ತಾತ ಮುಂದೆ ಕುಣಿಯಬೇಕು, ತಂಡ ಹಿಂದೆ ಬರಬೇಕು ಎಂಬುದು ಪದ್ಧತಿ. ನಾನು ಕುಣಿದೆ. ಓಣಿ ದಾಟಿ ಓಣಿ ಕುಣಿದೆ. ತಿರುಗಿ ನೋಡಿದರೆ ಹಿಂದೆ ಒಂದು ಎಮ್ಮೆ ಮಾತ್ರ ನಿಂತಿತ್ತು. ಅದಕ್ಕೂ ನನ್ನ ಕುಣಿತ ಹಿಡಿಸಿದಂತಿರಲಿಲ್ಲ. ಫೋನು ಟಂಟಂನಲ್ಲಿ ಬಿಚ್ಚಿಟ್ಟ ಪ್ಯಾಂಟಿನ ಜೇಬಿನಲ್ಲಿತ್ತು.

ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ನಾಯಿ ಕೂಡ ಬೊಗಳಲಿಲ್ಲ. ತುದಿಯ ಮನೆಯ ಬಾಗಿಲಲ್ಲಿ ಕಾಗದದ ನಕ್ಷತ್ರ ತೂಗುತ್ತಿತ್ತು, ಅದರೊಳಗೆ ಪುಟ್ಟ ದೀಪ. ನಕ್ಷತ್ರ ಇದ್ದರೆ ನಮ್ಮವರದೇ ಮನೆ. ಒಳಗಿಂದ ನಮ್ಮದೇ ಹಾಡು ಕೇಳುತ್ತಿತ್ತು. ಭಾರವಾದ, ತಳದ ಗಂಡು ದನಿಯೊಂದು ಒಂದು ಸಾಲು ಹಾಡಿತು. ತೆಳುವಾದ ಹೆಣ್ಣು ದನಿ ಮುಂದಿನ ಸಾಲು ಎತ್ತಿಕೊಂಡಿತು. ನನ್ನನ್ನು ಬಿಟ್ಟು ಎಲ್ಲರೂ ಮೊದಲೇ ಬಂದು ಕೂತಿದ್ದಾರೆ ಎಂದು ಸಿಟ್ಟು ಬಂತು. ಕುಣಿಯುತ್ತಲೇ ಒಳನುಗ್ಗಿದೆ.

ಒಳಗೆ ಒಂದು ಮೇಣದಬತ್ತಿ ಉರಿಯುತ್ತಿತ್ತು. ಗೋಡೆಗುಂಟ ಸಾಲಾಗಿ ಕುರ್ಚಿಗಳು. ಪ್ರತಿ ಕುರ್ಚಿಯ ಮೇಲೂ ಒಂದು ತಾಟು, ತಾಟಿನಲ್ಲಿ ಕರ್ಚಿಕಾಯಿ. ಕೂತವರು ಯಾರೂ ಇರಲಿಲ್ಲ. ಹಾಡು ಮಾತ್ರ ನಿಂತಿರಲಿಲ್ಲ. ಅಡುಗೆಮನೆಯ ಕತ್ತಲಿಂದ ಬರುತ್ತಲೇ ಇತ್ತು. ಗಂಡು ದನಿ. ಹೆಣ್ಣು ದನಿ. ಮತ್ತೆ ಗಂಡು ದನಿ, ಈಗ ಇನ್ನೂ ಹತ್ತಿರ.

ಹೊರಗೆ ಬಂದದ್ದು ಒಬ್ಬರೇ. ರೇಷ್ಮೆ ಸೀರೆ, ಮುಡಿಯಲ್ಲಿ ಸೇವಂತಿಗೆ, ಕೈಯಲ್ಲಿ ಚಹಾದ ಕೆಟಲಿ. ಆ ಹೆಣ್ಣುಮಗಳ ಬಾಯಿಂದಲೇ ಆ ತಳದ ದನಿ ಹೊರಡುತ್ತಿತ್ತು. ಮರುಕ್ಷಣ ಅದೇ ಬಾಯಿಂದ ತೆಳು ದನಿ. ಒಂದೊಂದು ಸಾಲಿಗೂ ಒಂದೊಂದು ಕುರ್ಚಿಯ ಕಡೆ ತಿರುಗಿ, ಅಲ್ಲಿ ಯಾರೋ ಕೂತಿದ್ದಾರೆ ಎಂಬಂತೆ ಅವರ ಪಾಲಿನದನ್ನು ಹಾಡುತ್ತಿದ್ದರು.

ನಾನು ಓಡಲಿಲ್ಲ. ಓಡಲು ದಿಂಬು ಬಿಡಬೇಕಲ್ಲ? ದಿಂಬು ಜಾರಿ ಮೊಣಕಾಲಿಗೆ ಬಂತು, ನಾನು ಜಾರಿ ನೆಲಕ್ಕೆ ಬಂದೆ.

ಹಾಡು ನಿಂತಿತು. ಅವರು ನನ್ನನ್ನು ನೋಡಲಿಲ್ಲ, ನನ್ನ ಹಿಂದಿನ ಬಾಗಿಲನ್ನು ನೋಡಿದರು.

“ಬಂದ್ರಿ? ಉಳಿದವರು ಎಲ್ಲ್ಯದಾರ?”

ನಾನು ಮುಖವಾಡ ಕಿತ್ತು ಕೈಯಲ್ಲಿ ಹಿಡಿದೆ. ಅವರೇ ನಿಧಾನಕ್ಕೆ ಹೇಳಿದರು. ಹೆಸರು ಎಸ್ತೇರ್. ಹಿಂದೆ ನಮ್ಮದೇ ಚರ್ಚಿನ ತಂಡದಲ್ಲಿ ತಳದ ದನಿ ಅವರದು. ಆಗ ಸಭೆಯವರ ಪಾಲಿಗೆ ಅವರು ಹುಡುಗ, ಹೆಸರೂ ಬೇರೆ. ತಾನು ಹೆಣ್ಣು ಎಂದು ಬಾಯಿಬಿಟ್ಟು ಹೇಳಿದ ಮೇಲೆ ಯಾರೂ ಬೈಯಲಿಲ್ಲವಂತೆ, ಹೊಡೆಯಲಿಲ್ಲವಂತೆ. ಆ ವರ್ಷದಿಂದ ಕ್ಯಾರೋಲ್ ಈ ಮನೆಗೆ ಬರಲಿಲ್ಲ, ಅಷ್ಟೇ. ನಮ್ಮಂಥ ಹುಡುಗರಿಗೆ ಹಿರಿಯರು ಈ ಮನೆಗೆ ಬೀಗ ಹಾಕಿದೆ, ಇದ್ದವರು ಪುಣೆಗೆ ಹೋದರು ಎಂದು ಹೇಳಿದ್ದರು. ಇವರು ಮಾತ್ರ ಪ್ರತಿ ವರ್ಷ ಕುರ್ಚಿ ಹಾಕಿ ಕಾಯುತ್ತಾರೆ. ಯಾರೂ ಬಾರದಿದ್ದರೆ ಎಲ್ಲರ ಪಾಲಿನದನ್ನೂ ತಾವೇ ಹಾಡಿ ಮುಗಿಸುತ್ತಾರೆ.

“ನಿಮ್ಮನ್ನ ಯಾರು ಕಳಿಸ್ಯಾರ? ಮನೋಹರ ಕಾಕಾ ಏನ್ರಿ?”

ಸುಳ್ಳು ಹೇಳುವುದರಲ್ಲಿ ನನಗೆ ಊರಿನಲ್ಲೇ ಒಳ್ಳೆಯ ಹೆಸರಿದೆ. ಹೌದು ಎನ್ನಲು ನಾಲಿಗೆ ತಯಾರಾಗಿಯೇ ಇತ್ತು. ಆದರೆ ಆ ಕಣ್ಣುಗಳ ಮುಂದೆ ಆಗಲಿಲ್ಲ.

“ಯಾರೂ ಕಳಿಸಿಲ್ರಿ ಅಕ್ಕಾ. ಹಾದಿ ತಪ್ಪಿ ಬಂದೇನಿ.”

ಅವರು ತಲೆಯಾಡಿಸಿದರು. ಕುರ್ಚಿಗಳ ಮೇಲಿನ ತಾಟುಗಳನ್ನು ಒಂದರ ಮೇಲೊಂದು ಎತ್ತಿಡತೊಡಗಿದರು. ಆ ತಾಟಿನ ಸಪ್ಪಳ ಹಾಡಿಗಿಂತ ಹೆಚ್ಚು ಹೆದರಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಬ್ಯಾಟರಿ ಬೆಳಕು ಬಿತ್ತು. ನನ್ನನ್ನು ಹುಡುಕಿಕೊಂಡು ತಂಡವೇ ಬಂದಿತ್ತು. ಮುಂದೆ ಮನೋಹರ ಕಾಕಾ. ಎಸ್ತೇರ್ ಅಕ್ಕನನ್ನು ನೋಡಿದವರೇ ಹೊಸ್ತಿಲ ಹೊರಗೇ ನಿಂತುಬಿಟ್ಟರು. “ಏಳಲೇ, ನಡಿ” ಎಂದು ನನಗೆ ಹೇಳಿದರು. ನಾನು ಏಳಲಿಲ್ಲ. ಶೌರ್ಯ ಎಂದುಕೊಳ್ಳಬೇಡಿ, ಅವ್ವನ ಸೀರೆ ಕಾಲಿಗೆ ಸುತ್ತಿಕೊಂಡಿತ್ತು.

ಆಗ ಎಸ್ತೇರ್ ಅಕ್ಕ ತಾಟು ಕೆಳಗಿಟ್ಟು, ತಳದ ದನಿಯ ಸಾಲೊಂದನ್ನು ಹಾಡಿ ನಿಲ್ಲಿಸಿದರು. ಈ ಸಲ ಮುಂದಿನ ಸಾಲು ಹಾಡಲಿಲ್ಲ. ಕತ್ತಲಲ್ಲಿ ಹಾಡು ಅರ್ಧಕ್ಕೇ ತೂಗುತ್ತಾ ನಿಂತಿತು. ಕೊನೆಗೆ ಹಿಂದಿನಿಂದ ನಮ್ಮ ತಂಡದ ಒಬ್ಬ ಹುಡುಗಿ, ಯಾವಾಗಲೂ ತಾಳ ತಪ್ಪುವವಳು, ಮೆಲ್ಲಗೆ ಮುಂದಿನ ಸಾಲು ಹಾಡಿದಳು. ಹಾಡುತ್ತಲೇ ಒಳಗೆ ಬಂದಳು. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಕುರ್ಚಿಗಳು ತುಂಬಿದವು.

ಕಾಕಾ ಬರಲಿಲ್ಲ. ಆದರೆ ಹಾಡು ಮುಗಿದ ಮೇಲೆ ಮನೆಯವರ ಹೆಸರು ಹಿಡಿದು ಪ್ರಾರ್ಥನೆ ಮಾಡಬೇಕಾದವರು ಅವರೇ. ಹೊರಗೇ ನಿಂತು ಕಣ್ಣು ಮುಚ್ಚಿದರು. “ದೇವರೇ, ಈ ಮನೀನ ಆಶೀರ್ವಾದ ಮಾಡು. ಈ ಮನ್ಯಾಗಿನ…” ಎಂದವರು ಅಲ್ಲಿಗೆ ನಿಂತರು. ನಾವೆಲ್ಲ ತಲೆ ತಗ್ಗಿಸಿ ಕಾಯ್ದೆವು.

“ಎಸ್ತೇರ್ ರೀ ಕಾಕಾ,” ಎಂದಿತು ತಳದ ದನಿ.

ಕಾಕಾ ಹೊರಟೇಹೋದರು ಅಂದುಕೊಂಡೆ. ಅಷ್ಟು ಹೊತ್ತಾಯಿತು.

“...ನಿನ್ನ ಮಗಳು ಎಸ್ತೇರಳನ್ನ ಕಾಪಾಡು,” ಎಂದರು.

ಈಗ ಎಸ್ತೇರ್ ಅಕ್ಕ ಭಾನುವಾರ ಚರ್ಚಿಗೆ ಬರುತ್ತಾರೆ. ಅವರು ಕೂತ ಬೆಂಚಿನಿಂದ ಎದ್ದು ಹೋಗುವವರು ಇನ್ನೂ ಇದ್ದಾರೆ. ಅಲ್ಲಿಗೇ ಹೋಗಿ ಕೂರುವವರೂ ಇದ್ದಾರೆ. ಆ ಸಂಜೆಯ ತಮಾಷೆ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಆದರೆ ವಾಪಸು ಬರುವಾಗ ಟಂಟಂನಲ್ಲಿ ಮನೋಹರ ಕಾಕಾ ನನ್ನೊಬ್ಬನಿಗೇ ಹೇಳಿದ ಮಾತನ್ನು ಯಾರಿಗೂ ಹೇಳಿರಲಿಲ್ಲ.

“ಪ್ರತಿ ವರ್ಷಾ ಆ ಓಣಿ ಮೂಲಿಗಿ ಬಂದಾಗೆಲ್ಲಾ ನಿಮಗ ಜೋರ್ ಹಾಡ್ರಿ ಅಂತಿದ್ದೆನಲ್ಲೋ, ಆ ಮನಿ ಒಳಗಿನ ದನಿ ನಿಮಗ ಕೇಳಬಾರದಂತ. ನನಗ ಕೇಳತಿತ್ತಪಾ. ಮನಿಗಿ ಹ್ವಾದ ಮ್ಯಾಲೂ ಕೇಳತಿತ್ತು.”