ಸಿಯೋನಿಯ ಮೂಗು

ಸಿಯೋನಿಯ ಮೂಗು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು. ಸುಳ್ಳೇಕೆ ಹೇಳಲಿ? ಪಕ್ಕದ ಮನೆಯವಳು, ನನ್ನ ಓರಗೆಯವಳು. ಬುಲಕಾನಿನ ಸಂತೆಯಲ್ಲಿ ಇಬ್ಬರೂ ಅಕ್ಕಿ ಕಡುಬು ಮಾರುತ್ತೇವೆ. ನನ್ನ ಕಡುಬು ಹತ್ತಿಯಷ್ಟು ಮೆತ್ತಗೆ, ಅವಳದು ಹಿಟ್ಟುಹಿಟ್ಟು. ಜನ ಮುಗಿಬೀಳುವುದು ಮಾತ್ರ ಅವಳ ಬುಟ್ಟಿಗೆ. ಬಿಳಿ ತೊಗಲು, ನೆಟ್ಟನೆಯ ಮೂಗು. ಮುತ್ತಜ್ಜ ಸ್ಪೇನಿನವನಂತೆ. ಕಂಡವರು ಯಾರು? ಆಳಿದವರು ಹೋಗಿ ನೂರು ವರ್ಷ ದಾಟಿತು, ಆ ಮೂಗಿನ ದರ್ಬಾರು ಮಾತ್ರ ನಮ್ಮ ಫಿಲಿಪೀನ್ಸಿನಲ್ಲಿ ಇನ್ನೂ ನಡೆದಿದೆ.

ಮೇ ತಿಂಗಳ ಶಿಲುಬೆ ಮೆರವಣಿಗೆಯಲ್ಲಿ ಬೆಳ್ಳಗಿರುವ ಹುಡುಗಿಯೇ ಶಿಲುಬೆ ಹುಡುಕಿ ತಂದ ರಾಣಿ ಎಲೆನಾ. ಕಿರೀಟ ತೊಟ್ಟು, ಹೂವಿನ ಕಮಾನಿನಡಿ ಕೊನೆಯಲ್ಲಿ ಬರುತ್ತಾಳೆ. ಎಲ್ಲರಿಗಿಂತ ಮುಂದೆ ಮಸಿ ಬಳಿದುಕೊಂಡು ನಡೆಯುವುದು ಶಿಲುಬೆ ಬರುವ ಮೊದಲಿನ ಕಾಡುಜನರ ವೇಷ. ನಮ್ಮ ಹರೆಯದಲ್ಲಿ ಸಿಯೋನಿ ರಾಣಿಯಾದಳು, ನಾನು ಕಾಡಿನವಳಾದೆ. ಈ ಪಾಸಿಂಗ್‌ಗೆ ಮಸಿ ಯಾಕೆ ದಂಡ ಎಂದಳು ನನ್ನ ಮುಖ ನೋಡಿ ಬಣ್ಣ ಹಚ್ಚುವವಳು. ಎಲ್ಲರೂ ನಕ್ಕರು, ಸಿಯೋನಿಯೂ.

ಆವತ್ತೇ ಹಟ ಹಿಡಿದೆ: ನನಗೆ ಮಗಳು ಹುಟ್ಟಿದರೆ ಅವಳು ರಾಣಿಯಾಗಬೇಕು. ಲಿವಾಯ್ ಹುಟ್ಟಿದ್ದೇ ತಡ, ದಿನಾ ಬೆಳಿಗ್ಗೆ ಅವಳ ಮೂಗು ಹಿಂಡಿ ಹಿಂಡಿ ಎತ್ತಿದೆ. ಬೆಳ್ಳಗಾಗಲೆಂದು ಪರಂಗಿಹಣ್ಣಿನ ಸೋಪಿನಲ್ಲಿ ತಿಕ್ಕಿದೆ, ಬಿಸಿಲಿಗೆ ಬಿಡಲಿಲ್ಲ. ಆದರೂ ಮೂಗು ನನ್ನದೇ ಬಂತು.

ಸಿಯೋನಿಗೆ ಮಕ್ಕಳಿಲ್ಲ. ಅದೊಂದರಲ್ಲಾದರೂ ನಾನು ಗೆದ್ದೆ ಎಂದುಕೊಂಡಿದ್ದೆ. ಈ ವರ್ಷ ಮೆರವಣಿಗೆಯ ಯಜಮಾನಿಕೆ ಅವಳದು, ರಾಣಿಯನ್ನು ಆರಿಸುವುದೂ ಅವಳೇ. ಒಂದು ದಿನ ಮನೆಗೇ ಬಂದಳು.

"ಪಾಸಿಂಗ್, ಈ ಸಲ ನಮ್ಮ ಲಿವಾಯ್‌ನೇ ಎಲೆನಾ ಮಾಡೋಣ ಕಣೇ."

ನಮ್ಮ ಲಿವಾಯ್ ಅಂತೆ! ಮೈ ಉರಿಯಿತು. ಆದರೂ ಹೂಂ ಎಂದೆ.

ಮೆರವಣಿಗೆಯ ಸಂಜೆ ನಾನೇ ಮಗಳಿಗೆ ಪೌಡರು ಬಳಿದೆ. ಕತ್ತು, ತೋಳು, ಬೆರಳ ಸಂದಿಯನ್ನೂ ಬಿಡಲಿಲ್ಲ. ಮೂಗಿನ ಎರಡೂ ಬದಿಗೆ ಕಂದು ಗೆರೆ ಎಳೆದು ಎತ್ತರ ಕಾಣಿಸಿದೆ. ಆಮೇಲೆ ಇಗರ್ಜಿಯ ಬಾಗಿಲಲ್ಲಿ ಮೇಣದಬತ್ತಿ ಹಿಡಿದು ಸಿಯೋನಿಯ ಪಕ್ಕ ನಿಂತೆ.

ದೂರದಲ್ಲಿ ಹೂವಿನ ಕಮಾನು, ಅದರಡಿ ಲಿವಾಯ್ ಕಾಣಿಸಿದಳು. ಬಹಳ ವರ್ಷ ಮನಿಲಾದ ಮಗನ ಮನೆಯಲ್ಲಿದ್ದು ಹಬ್ಬಕ್ಕೆ ಬಂದಿದ್ದ ತಾಲ್ಯಾ ಅಜ್ಜಿ ಸಿಯೋನಿಯ ಕೈ ಹಿಡಿದಳು.

"ನಿನ್ನ ಮಗಳಾ? ಥೇಟ್ ನೀನೇ ನೋಡು."

"ನನ್ನ ಮಗಳಲ್ಲಜ್ಜಿ. ಪಾಸಿಂಗ್ ಮಗಳು."

ಅಜ್ಜಿ ನನ್ನ ಮುಖ ನೋಡಿದಳು, ಮೂಗು ನೋಡಿದಳು. "ಸುಮ್ನಿರೇ, ಮುದುಕೀನ ಆಡಿಸ್ಬೇಡ," ಎಂದು ನಕ್ಕಳು.

ಅಷ್ಟರಲ್ಲಿ ಲಿವಾಯ್ ಎದುರಿಗೇ ಬಂದಳು. ಹೆಸರು ಹಿಡಿದು ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಅವಳು ಅಮ್ಮಾ ಅನ್ನುತ್ತಾಳೆ, ಜನ ನನ್ನನ್ನೂ ಅವಳನ್ನೂ ನೋಡುತ್ತಾರೆ. ಅಷ್ಟು ಹೊತ್ತು ಬಳಿದ ಪೌಡರು ಗಾಳಿಪಾಲು.

ಸಿಯೋನಿ ಕೂಗಲಿ ಎಂದು ಒಂದು ಹೆಜ್ಜೆ ಹಿಂದೆ ಸರಿದೆ.