ಬೆನ್ನ ಮೇಲೆ ಇಟ್ಟ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಉಳುಕಿದ ಬೆನ್ನಿನ ಮೇಲೆ ಎಡಗಾಲನ್ನು ಮೂರು ಸಲ ಇಟ್ಟರೆ ನೋವು ಇಳಿಯುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಕೆಂಭಾವಿಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿ ಮನೆಗೆ ಬಂದರೆ, ಕಟ್ಟೆಯ ಮೇಲೆ ಯಾರಾದರೂ ಸೊಂಟ ಹಿಡಿದುಕೊಂಡು ಕೂತಿರುತ್ತಿದ್ದರು. ನಾನು ಬೈಯುತ್ತಲೇ ಕಾಲು ಇಡುತ್ತಿದ್ದೆ. ನಂಬಿಕೆ ಇತ್ತೇ ಎಂದರೆ ಇರಲಿಲ್ಲ. ಆದರೆ ಅವರು ಎದ್ದು ನೆಟ್ಟಗೆ ನಡೆದು ಹೋಗುವಾಗ ಒಳಗೊಳಗೇ ಉಬ್ಬುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ನನ್ನ ಅಣ್ಣ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆ ಗೇಟು ಏರಿಸಿ ಇಳಿಸುವ ಕೆಲಸಕ್ಕಿದ್ದ. ಮನೆಯಲ್ಲಿ ಮೋಟಾರ್ ಸೈಕಲ್ ಇದ್ದರೂ ಕಾಲುವೆ ದಂಡೆಯ ಮೇಲೆ ನಡೆದೇ ಹೋಗುತ್ತಿದ್ದ. ಬಿ.ಪಿ. ಗುಳಿಗೆ ಕೊಟ್ಟಿದ್ದರು. ತಲೆ ತಿರುಗುವುದು ನಿಂತ ಮೇಲೆ ಗುಳಿಗೆಯನ್ನೂ ನಿಲ್ಲಿಸಿಬಿಟ್ಟಿದ್ದ.

ಆ ಭಾನುವಾರ ನಾನು ಶಹಾಪುರದ ಅವನ ಮನೆಯಲ್ಲಿದ್ದೆ. ಬೆಳಿಗ್ಗೆ ಕೆಲಸಕ್ಕೆ ಹೋದವನು ಬೆವರುತ್ತ ವಾಪಸು ಬಂದ. ಗೇಟಿನ ಚಕ್ರ ತಿರುಗಿಸುವಾಗ ಹೆಗಲುಗಳ ನಡುವೆ ಏನೋ ಹರಿದಂತಾಯಿತು ಎಂದ. ಅಷ್ಟು ಸರಿಯಾಗಿ ಹೇಳಿದ್ದ. ಚಕ್ರ ಎಳೆದು ಬೆನ್ನು ಉಳುಕಿದೆ ಎಂದು ನಾನೇ ತೀರ್ಮಾನ ಮಾಡಿದೆ. ಅತ್ತಿಗೆ ದವಾಖಾನೆಗೆ ಹೋಗೋಣ ಅಂದಳು. ದವಾಖಾನೆ ಮನೆಯಲ್ಲೇ ಇರುವಾಗ ಅಲ್ಲಿಗ್ಯಾಕೆ ಎಂದು ಅಣ್ಣ ಹೊಸ್ತಿಲ ಬಳಿ ಬೋರಲು ಮಲಗಿದ.

"ಇಡು ತಂಗಿ ಕಾಲ. ಸಣ್ಣಾಕಿ ಇದ್ದಾಗಿನ ಸಿಟ್ಟೆಲ್ಲ ತೀರಿಸ್ಕೊ."

ಮೂರು ಸಲ ಇಟ್ಟೆ. ಹಿರಿಯನಿಗೆ ಕಾಲು ತಾಗಿಸಿದ ತಪ್ಪಿಗೆ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಾಲಿಟ್ಟ ಮೇಲೆ ಹೊತ್ತು ಇಳಿಯುವವರೆಗೆ ಏಳಬಾರದು ಎಂಬುದು ನಮ್ಮವ್ವ ಹೇಳಿಕೊಟ್ಟ ಕ್ರಮ. ಅವನು ಏಳಲು ನೋಡಿದಾಗಲೆಲ್ಲ ಗದರಿಸಿ ಮಲಗಿಸಿದವಳು ನಾನು. ಮಧ್ಯಾಹ್ನ ಕಾಲು ಜೋಮು ಹಿಡಿದಿದೆ ಎಂದ. ಅಷ್ಟೊತ್ತು ಬೋರಲು ಬಿದ್ದುಕೊಂಡರೆ ಇನ್ನೇನಾಗುತ್ತದೆ ಎಂದು ಬಾಯಿ ಮುಚ್ಚಿಸಿದೆ. ಸಂಜೆ ಅತ್ತಿಗೆ ಅವನ ಪಾದ ಮುಟ್ಟಿ ನೋಡಿದಳು. ಎರಡೂ ತಣ್ಣಗಾಗಿದ್ದವು.

ಕಲಬುರಗಿಯಲ್ಲಿ ಸ್ಕ್ಯಾನ್ ನೋಡಿದವರು ಒಂದು ನಿಮಿಷವೂ ನಿಲ್ಲಬೇಡಿ ಎಂದು ಹೈದರಾಬಾದಿಗೆ ಅಟ್ಟಿದರು. ಅಲ್ಲಿಯ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳದ ಒಳಪದರ ಹರಿದಿದೆ, ರಕ್ತ ಪದರಗಳ ನಡುವೆ ನುಗ್ಗಿ ಕೆಳಗಿನ ದಾರಿಯನ್ನು ಒತ್ತಿ ಹಿಡಿದಿದೆ ಎಂದರು. ಹಳೆಯ ಕೌದಿಯ ಒಳಗಿನ ಸೀರೆ ಹರಿದು ಜೋತುಬೀಳುವುದನ್ನು ಕಂಡ ನನಗೆ ಅದು ತಟ್ಟನೆ ತಿಳಿಯಿತು. ತೊಡೆಸಂದಿನ ನಾಳದೊಳಗಿಂದ ಬಟ್ಟೆ ಹೊದಿಸಿದ ಸ್ಟೆಂಟ್ ಏರಿಸಿ, ಹರಿದ ಜಾಗದಲ್ಲಿ ಅರಳಿಸಿ, ಆ ಬಾಯಿ ಮುಚ್ಚುತ್ತಾರಂತೆ. ಎದೆ ಕೊಯ್ಯುವುದಿಲ್ಲ. ಜೀವ ಉಳಿಯಬಹುದು, ಆದರೆ ಬೆನ್ನುಹುರಿಗೆ ರಕ್ತ ಸಾಲದೆ ಕಾಲು ಹೋಗಲೂಬಹುದು, ಮೊದಲೇ ಬಹಳ ತಡವಾಗಿದೆ ಎಂದರು. ನಾನು ಕಾಲಿಟ್ಟಿದ್ದರಿಂದ ಹರಿಯಿತೇ ಎಂದು ಕೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಕಾಲಿನಿಂದ ಏನೂ ಆಗಿಲ್ಲ, ಹೊತ್ತು ಹೋಗಿದ್ದೇ ಕೆಟ್ಟದ್ದಾಯಿತು ಎಂದರು. ಆ ಹೊತ್ತು ಕಳೆದವಳು ಯಾರು ಎಂದು ನಾನು ಹೇಳಲಿಲ್ಲ.

ಸ್ಟೆಂಟ್ ಚೆನ್ನಾಗಿ ಕೂತಿತು. ಆಮೇಲೆ ಸ್ಕ್ಯಾನ್ ನೋಡಿದವರೆಲ್ಲ ಅದನ್ನೇ ಹೇಳುತ್ತಾರೆ, ಬಹಳ ಚೆನ್ನಾಗಿ ಕೂತಿದೆ ಎಂದು. ಕೇಳಿದರೆ ಮೈ ಉರಿಯುತ್ತದೆ. ಅಣ್ಣ ಏಳಲಿಲ್ಲ. ಬೆನ್ನುಹುರಿಗೆ ರಕ್ತ ಹರಿಯಲೆಂದು ಬೆನ್ನಿನಿಂದ ನೀರು ತೆಗೆದರು, ಬಿ.ಪಿ. ಏರಿಸಿ ಇಟ್ಟು ನೋಡಿದರು. ಹೊಕ್ಕುಳಿನಿಂದ ಕೆಳಗೆ ಸೂಜಿ ಚುಚ್ಚಿದರೂ ಅವನಿಗೆ ತಿಳಿಯುವುದಿಲ್ಲ. ಇನ್ನು ಮುಂದೆ ತಿಳಿಯುವುದೂ ಇಲ್ಲ ಎಂದು ಹೋದ ಸಲ ನನಗೂ ಅತ್ತಿಗೆಗೂ ಬಿಡಿಸಿ ಹೇಳಿ ಕಳಿಸಿದರು. ಅದನ್ನು ಅಣ್ಣನಿಗೆ ಹೇಳುವ ಧೈರ್ಯ ಇಬ್ಬರಿಗೂ ಬಂದಿಲ್ಲ.

ಈಗ ನಾನು ಯಾರಿಗೂ ಕಾಲು ಇಡುವುದಿಲ್ಲ. ಕಟ್ಟೆಗೆ ಬಂದವರನ್ನು ಬೈದು ದವಾಖಾನೆಗೆ ಅಟ್ಟುತ್ತೇನೆ. ಟೀಚರಿಗೆ ಸೊಕ್ಕು ಬಂದಿದೆ ಎಂದು ಊರವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಹೋದ ಭಾನುವಾರ ಮೈ ಒರೆಸಲೆಂದು ಅತ್ತಿಗೆ ಅವನನ್ನು ಬೋರಲು ಮಲಗಿಸಿ, ಬಿಸಿನೀರು ತರಲು ಒಳಗೆ ಹೋದಳು. ಅಣ್ಣ ದಿಂಬಿನಿಂದ ಮುಖ ಎತ್ತದೆಯೇ ನನ್ನನ್ನು ಕರೆದ.

"ಇನ್ನೊಮ್ಮಿ ಇಡು ತಂಗಿ. ಈ ಸಲ ಟೊಂಕದ ಮ್ಯಾಲ ಇಡು."

ಬೇಡ ಎಂದೆ. ಡಾಕ್ಟರಿಗೇ ಎಲ್ಲ ಗೊತ್ತಿರುತ್ತದೇನು, ನಿನ್ನ ಕಟ್ಟೆಗೆ ಬಂದ ಎಷ್ಟು ಜನರನ್ನು ಎಬ್ಬಿಸಿ ಕಳಿಸಿದವಳು ನೀನು ಎಂದು ಜಗಳಕ್ಕೇ ಬಂದ. ಅವನ ದನಿಯಲ್ಲಿದ್ದ ಆಸೆಯನ್ನು ನನ್ನಿಂದ ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ಎಡಗಾಲನ್ನು ಅವನ ಸೊಂಟದ ಮೇಲೆ ಇಟ್ಟೆ. ಒಂದು ಸಲ, ಎರಡು ಸಲ. ಮೂರನೆಯ ಸಲ ಭಾರ ಬಿಟ್ಟು ಒತ್ತಿ, ಕಾಲು ತೆಗೆಯದೆ ಹಾಗೇ ನಿಂತೆ.

ಅಣ್ಣ ಸ್ವಲ್ಪ ಹೊತ್ತು ಕಾದ.

"ಯಾಕ ಸುಮ್ನ ನಿಂತಿ?" ಎಂದ. "ಹೆದರಬ್ಯಾಡ, ನಾ ಏನೂ ಅನ್ನಂಗಿಲ್ಲ. ಇಡು."