ಕುದುರೆ ಎತ್ತಿದ ಪಿಸ್ತೂಲು, ಹೆಗಲ ಮೇಲೆ ಶಾಲು

ಅವರ ಬಲಸೊಂಟದ ಚರ್ಮದ ಚೀಲದಿಂದ ಪಿಸ್ತೂಲಿನ ಹಿಂಭಾಗ ಹೊರಗೆ ಇಣುಕುತ್ತಿತ್ತು. ಅದರ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಬ್ಬಿಣದ ತುಂಡೊಂದು ಹಿಂದಕ್ಕೆ ಬಾಗಿ, ಇನ್ನೇನು ಬಡಿದೇ ಬಿಡುತ್ತದೆ ಎನ್ನುವಂತೆ ಎದ್ದು ನಿಂತಿರುತ್ತಿತ್ತು. ಅದಕ್ಕೆ ಅವರು ‘ಕುದುರೆ’ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಅವರ ಮುಖ ನೋಡಿದ್ದೇ ಕಡಿಮೆ. ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಅಮೆರಿಕದ ಆರ್ಟೀಸಿಯಾ ಎಂಬ ಊರಿನ ಒಂದು ಚಿನ್ನದಂಗಡಿಯಲ್ಲಿ ಅವರು ಕಾವಲಿಗಿದ್ದರು, ನಾನು ಬಳೆಯ ಕೌಂಟರಿನಲ್ಲಿದ್ದೆ. ನನ್ನ ಗಂಡ ಎಲ್ ಸೆಗುಂಡೋದ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಏನು ಮಾಡುತ್ತಾನೆಂದು ಹೇಳುವಂತಿಲ್ಲವಂತೆ, ನಾನೂ ಕೇಳುವುದಿಲ್ಲ. ಮನೆಯಲ್ಲಿ ಕೂತು ತಲೆ ಕೆಟ್ಟಿತ್ತು. ಕೆಲಸ ಮಾಡುವ ಪರವಾನಗಿ ಬಂದ ಮರುದಿನವೇ ಈ ಅಂಗಡಿಗೆ ಬಂದೆ. ಆಗಿನ್ನೂ ಮಾಸ್ಕಿನ ಕಾಲ. ಮುಖ ಮುಚ್ಚಿಕೊಂಡವರನ್ನೆಲ್ಲ ಚಿನ್ನದಂಗಡಿಯೊಳಗೆ ನಗುನಗುತ್ತ ಬಿಟ್ಟುಕೊಳ್ಳಬೇಕಾದ ವಿಚಿತ್ರ ಕಾಲ.

ಧೈರ್ಯ ಮಾಡಿ ಒಂದು ದಿನ ಕೇಳಿದೆ: “ಅಂಕಲ್, ಅದು ತಾನಾಗೇ ಬಡದ್ರ ಏನ್ ಗತಿರಿ?”

“ಬಡಿಯಲ್ಲ ಕಣಮ್ಮ. ಬೀಗ ಹಾಕೈತೆ. ಇದು ಹಳೇ ಥರದ್ದು. ಕುದುರೆ ಹಿಂದಕ್ಕೆ ಎಳೀದಿದ್ರೆ ಇದು ಬರೀ ಕಬ್ಣ. ಎಳ್ದು ಬೀಗ ಹಾಕಿ ಇಟ್ಕೋಬೇಕು. ನೋಡೋರ್ಗೆ ಹಂಗ್ ಕಾಣ್ತದೆ ಅಷ್ಟೆ.”

ನೋಡುವವರಿಗೆ ಹೇಗೆ ಕಾಣುತ್ತಿತ್ತೆಂಬುದನ್ನು ನಾನು ಎರಡು ವರ್ಷ ಕೌಂಟರಿನ ಹಿಂದಿನಿಂದ ಪುಕ್ಕಟೆ ನೋಡಿದ್ದೇನೆ. ಈ ಊರಿನಲ್ಲಿ ಬಂದೂಕು ಅಪರೂಪವಲ್ಲ, ಆದರೆ ಕಣ್ಣಿಗೆ ಬೀಳುವುದು ಅಪರೂಪ. ಸಾಮಾನ್ಯ ಜನ ಸೊಂಟಕ್ಕೆ ಕಾಣುವಂತೆ ಕಟ್ಟಿಕೊಂಡು ತಿರುಗುವ ಹಾಗಿಲ್ಲ. ಪೊಲೀಸರು, ಇಂಥ ಸಮವಸ್ತ್ರದ ಕಾವಲಿನವರು, ಅಷ್ಟೇ. ಅದರಲ್ಲೂ ಕುದುರೆ ಎತ್ತಿದ್ದು ಎಂದರೆ ಮುಗಿಯಿತು. ಮೂಗುತಿ ತೋರಿಸಿ ಎಂದು ಬಾಗಿಲು ತಳ್ಳಿದ ಹೆಂಗಸು ಸೊಂಟ ನೋಡಿ, ಏನೋ ಮರೆತವಳಂತೆ ಹಣೆ ಬಡಿದುಕೊಂಡು, ಹೊರಟವಳು ಮತ್ತೆ ಬರಲಿಲ್ಲ. ಪಾರ್ಸೆಲ್ ತರುವ ಹುಡುಗ ಹೊಸ್ತಿಲಲ್ಲೇ ಡಬ್ಬ ಇಟ್ಟು ಸಹಿಯನ್ನೂ ಕೇಳದೆ ಓಡಿದ. ಒಬ್ಬ ಬಿಳಿಗಡ್ಡದ ಅಮೆರಿಕನ್ ಮುದುಕ ಹತ್ತಿರ ಬಂದು, ಪ್ಯಾಂಟಿನ ಜಿಪ್ ಬಿಚ್ಚಿಕೊಂಡಿದೆ ಎಂದು ಹೇಳುವ ಮರ್ಯಾದೆಯಲ್ಲಿ ಕಿವಿಯಲ್ಲಿ ಉಸುರಿದ: “ಸರ್, ನಿಮ್ಮ ಗನ್ ಕಾಕ್ ಆಗಿದೆ.” ಕುದುರೆ ಎದ್ದಿದೆ ಎಂದು. ಅಂಕಲ್ ಅಷ್ಟೇ ಮರ್ಯಾದೆಯಿಂದ “ಥ್ಯಾಂಕ್ ಯೂ ಸರ್” ಎಂದರು. ನಮ್ಮ ಕನ್ನಡದವರಂತೂ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಅಂಕಲ್, ನೀವು ಕೊಡಗಿನವರಾ?”

“ಇಲ್ಲಪ್ಪ, ತಿಪಟೂರು.”

ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ತೆಂಗಿನಕಾಯಿಯ ಊರಿನವನಿಗೆ ಪಿಸ್ತೂಲು ಒಪ್ಪುವುದಿಲ್ಲ ಎಂಬಂತೆ.

ಸೈನ್ಯದಲ್ಲಿದ್ದು, ಆಮೇಲೆ ತುಮಕೂರಿನ ಒಂದು ಬ್ಯಾಂಕಿನ ಬಾಗಿಲು ಕಾದು, ಹೆಂಡತಿ ತೀರಿದ ಮೇಲೆ ಪಕ್ಕದೂರು ನಾರ್ವಾಕಿಗೆ, ಮಗಳ ಮನೆಗೆ ಬಂದವರು. ಮಗಳು ನರ್ಸು. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡಿದರೆ ಇವರು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ಬೇಸರವಿರಲಿಲ್ಲ. ಗ್ರೀನ್ ಕಾರ್ಡು ಕೈಗೆ ಬಂದದ್ದೇ ಪರೀಕ್ಷೆ ಬರೆದು, ಗುರಿ ಹೊಡೆದು ತೋರಿಸಿ ಕಾವಲಿನ ಪರವಾನಗಿ ತೆಗೆದುಕೊಂಡಿದ್ದರು. “ಸುಮ್ನೆ ಕೂತ್ರೆ ತುಕ್ ಹಿಡೀತದೆ ಕಣಮ್ಮ, ನಂಗೂವೆ ಇದ್ಕೂವೆ” ಎನ್ನುತ್ತಿದ್ದರು.

ಡ್ಯೂಟಿಯ ಮೇಲಿದ್ದಾಗ ಬಲಗೈಯಲ್ಲಿ ಏನನ್ನೂ ಹಿಡಿಯುತ್ತಿರಲಿಲ್ಲ. ಅದು ಪಿಸ್ತೂಲಿಗೆ ಮೀಸಲು. ಚಹಾ ಎಡಗೈಯಲ್ಲಿ, ಫೋನು ಎಡಗೈಯಲ್ಲಿ, ಬಾಗಿಲು ತೆರೆಯುವುದೂ ಎಡಗೈಯಲ್ಲಿ. ದೇವಸ್ಥಾನದಿಂದ ನೇರ ಬಂದ ಅಜ್ಜಿಯರು ಪ್ರಸಾದ ನೀಡಿದರೆ ದೊಡ್ಡ ಪೇಚು. ಎಡಗೈ ಒಡ್ಡುವಂತಿಲ್ಲ, ಬಲಗೈ ಕೊಡುವಂತಿಲ್ಲ. “ಅಲ್ಲಿ ಇಡಿ ತಾಯಿ, ಆಮೇಲೆ ತಗೊತೀನಿ” ಎಂದು ಗಲ್ಲಾಪೆಟ್ಟಿಗೆಯ ಕಡೆ ಗದ್ದದಿಂದ ತೋರಿಸುತ್ತಿದ್ದರು. ಒಬ್ಬ ಅಜ್ಜಿ, “ದೇವರ ಪ್ರಸಾದಕ್ಕೂ ಸೊಕ್ಕು” ಎಂದು ಗೊಣಗಿಕೊಂಡು ಹೋದಳು. ಅಂಕಲ್ “ಆಯ್ತು ತಾಯಿ” ಎಂದರು. ಅವರ ದನಿ ಯಾವಾಗಲೂ ಅಷ್ಟೇ, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು. ನಮ್ಮ ಹುಬ್ಬಳ್ಳಿಯಲ್ಲಿ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದರೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಾರೆ.

ಇಪ್ಪತ್ತೆರಡರ ನವೆಂಬರಿನಲ್ಲಿ ಸ್ಯಾನ್ ಡಿಯೇಗೋದ ಕನ್ನಡದವರು ರಾಜ್ಯೋತ್ಸವ ಮಾಡಿದರು. ಮೀರಾ ಮೇಸಾದ ಬಾಡಿಗೆ ಸಭಾಂಗಣವೊಂದರಲ್ಲಿ ನಮ್ಮ ಅಂಗಡಿಯದೂ ಒಂದು ಮಳಿಗೆ. ಸರ, ಜುಮುಕಿ ಹರಡಿಕೊಂಡು ಮಾಲೀಕರ ಹೆಂಡತಿ, ನಾನು, ಪಕ್ಕದಲ್ಲಿ ಅಂಕಲ್. ವ್ಯಾಪಾರ ಸುಮಾರು. ಜನ ಜುಮುಕಿಗಿಂತ ಅಂಕಲ್ ಸೊಂಟವನ್ನೇ ಹೆಚ್ಚು ನೋಡಿದರು.

ನಮ್ಮವರ ಸಮಾರಂಭದಲ್ಲಿ ಕೈಗೆ ಸಿಕ್ಕವರಿಗೆಲ್ಲ ಸನ್ಮಾನ ಮಾಡದಿದ್ದರೆ ಊಟ ಇಳಿಯುವುದಿಲ್ಲ. ಭಾಷಣ ಮಾಡುತ್ತಿದ್ದ ಅಧ್ಯಕ್ಷರಿಗೆ ಯಾರೋ ಬಂದು ಕಿವಿಯಲ್ಲಿ ಊದಿದರು. ಅವರು ಮೈಕಿನಲ್ಲೇ ಘೋಷಿಸಿದರು, ನಮ್ಮ ನಡುವೆ ಒಬ್ಬ ವೀರ ಯೋಧರಿದ್ದಾರೆ. ಅಂಕಲ್ ಕೈಯಾಡಿಸಿ ಬೇಡ ಎಂದರು. “ಡ್ಯೂಟಿಲಿದೀನಿ ಸಾರ್” ಎಂದರು. ಸಂಕೋಚ ಎಂದುಕೊಂಡರೇ ಹೊರತು ಯಾರೂ ಕೇಳಿಸಿಕೊಳ್ಳಲಿಲ್ಲ. ನಾಲ್ಕು ಜನ ಎಳೆದುಕೊಂಡೇ ಹೋದರು. ಕರಿ ಟೋಪಿ ತೆಗೆದು ಜರಿಯ ಮೈಸೂರು ಪೇಟ ಇಟ್ಟರು. ಶಾಲು ಹೊದಿಸಿದರು. ಕೈತುಂಬ ಹಣ್ಣಿನ ಬುಟ್ಟಿ. ಚಪ್ಪಾಳೆಯೋ ಚಪ್ಪಾಳೆ. ನಾನೂ ಹೊಡೆದೆ, ಸುಳ್ಳೇಕೆ? ಕಣ್ಣಲ್ಲಿ ನೀರು ಬಂದಿತ್ತು. ಸೆಕ್ಯೂರಿಟಿ ಎಂದು ಎದೆಯ ಮೇಲೆ, ಬೆನ್ನ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಶಾಲಿನ ಕೆಳಗೆ ಹೋಯಿತೆಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಬುಟ್ಟಿಯನ್ನು ಅಂಗಡಿಯ ವ್ಯಾನಿನಲ್ಲಿಟ್ಟು, ಇದೆಲ್ಲ ಬಿಚ್ಚಿ ಬರೋಣವೆಂದು ಅವರು ಹೊರಗೆ ನಡೆದರು. ಅವರ ಟೋಪಿ ವೇದಿಕೆಯ ಮೇಲೇ ಉಳಿದಿತ್ತು. ಅದನ್ನೆತ್ತಿಕೊಂಡು ನಾನು ಹಿಂದೆ ಹೋಗುವಷ್ಟರಲ್ಲಿ ಒಬ್ಬ ಅಧಿಕಪ್ರಸಂಗಿ ಮೂಗುಬೊಟ್ಟಿನ ರೇಟು ಕೇಳಿದ. ತಡವಾಯಿತು.

ಬಾಗಿಲು ದೂಡಿದೆ. ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯಿತು. ಪಾರ್ಕಿಂಗಿನಲ್ಲಿ ಎರಡು ಪೊಲೀಸ್ ಕಾರು ಬಾಗಿಲು ತೆರೆದುಕೊಂಡು ನಿಂತಿದ್ದವು. ಬಾಗಿಲುಗಳ ಹಿಂದಿನಿಂದ ಬಂದೂಕುಗಳು. ಅವುಗಳ ಎದುರಿಗೆ ಅಂಕಲ್, ಪೇಟ, ಶಾಲು, ಎರಡೂ ಕೈ ಮೇಲೆ. ಕಾಲ ಬುಡದಲ್ಲಿ ಬುಟ್ಟಿ ಬೋರಲಾಗಿ ಕಿತ್ತಳೆಹಣ್ಣು ಉರುಳುತ್ತಿದ್ದವು. ಪಕ್ಕದ ಜಿಮ್ಮಿನ ಗಾಜಿಗೆ ಮುಖ ಒತ್ತಿಕೊಂಡು ಜನ ನೋಡುತ್ತಿದ್ದರು. ಅವರಲ್ಲೊಬ್ಬರು ಫೋನು ಮಾಡಿದ್ದರೆಂದು ಆಮೇಲೆ ತಿಳಿಯಿತು. ಅವರ ತಪ್ಪೂ ಅಲ್ಲ. ಪೇಟ ಸುತ್ತಿದ ಕಂದುಬಣ್ಣದವನೊಬ್ಬ ಕುದುರೆ ಎತ್ತಿದ ಪಿಸ್ತೂಲು ತೋರಿಸಿಕೊಂಡು ಜನ ತುಂಬಿದ ಸಭಾಂಗಣದ ಬಾಗಿಲಲ್ಲಿದ್ದಾನೆ. ಅವರಿಗೆ ಕಂಡದ್ದು ಅಷ್ಟೇ.

ನನ್ನ ತಲೆಗೆ ಬಂದದ್ದು ಒಂದೇ: ಆ ಹಾಳು ಶಾಲು ಎಳೆದುಬಿಡಬೇಕು. ಅಕ್ಷರ ಕಂಡರೆ ಸಾಕು, ಎಲ್ಲ ಸರಿಹೋಗುತ್ತದೆ. ಟೋಪಿ ಹಿಡಿದ ಕೈ ಚಾಚಿಕೊಂಡು ಅವರತ್ತ ಓಡಿದೆ. ಒಂದು ಬಂದೂಕು ನನ್ನ ಕಡೆ ತಿರುಗಿತು.

“ನಿಲ್ಲೇ ಕತ್ತೆ!”

ಆ ದನಿ ಯಾರದೆಂದು ಮೊದಲು ಗೊತ್ತಾಗಲಿಲ್ಲ. ಪೊಲೀಸರ ಇಂಗ್ಲಿಷ್ ಕೂಗಾಟವನ್ನೆಲ್ಲ ನುಂಗಿಕೊಂಡು ಬಂತು. “ಅಲ್ಲೇ ನಿಲ್ಲು! ಕೈಲಿರೋದ್ ಬಿಸಾಕು! ಕೈ ಮೇಲೆತ್ತೇ!”

ನಿಂತೆ. ಟೋಪಿ ಬಿತ್ತು. ಎರಡೂ ಕೈ ಎತ್ತಿದೆ. ಒಳಗೆ ಮೈಕಿನಲ್ಲಿ ಯಾರೋ, ಬಿಸಿಬೇಳೆಬಾತ್ ಬಡಿಸುತ್ತಿದ್ದಾರೆ, ದಯವಿಟ್ಟು ಸಾಲಾಗಿ ಬನ್ನಿ ಎಂದು ಹೇಳುತ್ತಿದ್ದರು.

ಅಂಕಲ್‌ರನ್ನು ಮಂಡಿಯೂರಿಸಿ, ಆಮೇಲೆ ಬೋರಲು ಮಲಗಿಸಿದರು. ಪೇಟ ಉರುಳಿ ಕಾರಿನ ಚಕ್ರಕ್ಕೆ ತಾಗಿತು. ಪಿಸ್ತೂಲಿಗೆ ಕೈ ಹಾಕಿದ ಹುಡುಗ ಅಧಿಕಾರಿ ಕುದುರೆ ನೋಡಿ ಬೆಂಕಿ ಮುಟ್ಟಿದವನಂತೆ ಕೈ ಹಿಂದೆಗೆದ. “ಕಾಕ್ ಆಗಿದೆ, ಕಾಕ್ ಆಗಿದೆ” ಎಂದು ಕಿರುಚಿದ. ಉಳಿದವರು ಒಂದು ಹೆಜ್ಜೆ ಹಿಂದೆ ಸರಿದರು. ಟಾರಿಗೆ ಕೆನ್ನೆ ಹಚ್ಚಿ ಮಲಗಿದ್ದ ಮನುಷ್ಯ, ಈಗ ಮತ್ತೆ ತಮ್ಮ ಎಂದಿನ ದನಿಯಲ್ಲಿ, “ಸೇಫ್ಟಿ ಆನ್ ಸರ್. ಸ್ಲೋಲಿ ಸರ್” ಎಂದು ಅವನಿಗೆ ಸಮಾಧಾನ ಹೇಳುತ್ತಿದ್ದರು.

ಶಾಲು ಸರಿದಾಗ ಅಕ್ಷರ ಕಂಡವು. ಜೇಬಿನಿಂದ ಪರವಾನಗಿ ತೆಗೆದು ನೋಡಿದರು. ಎಬ್ಬಿಸಿ ನಿಲ್ಲಿಸಿದರು. ದೊಡ್ಡ ಅಧಿಕಾರಿ, ನಮಗೆ ಹೇಗೆ ಕಂಡಿತೆಂದು ನಿಮಗೂ ಅರ್ಥವಾಗುತ್ತದಲ್ಲ ಎಂದ. ಅಂಕಲ್ “ಯೆಸ್ ಸರ್” ಎಂದು ಪ್ಯಾಂಟಿನ ಮಂಡಿ ಕೊಡವಿಕೊಂಡರು. ಮಂಡಿ ಹರಿದಿತ್ತು, ರಕ್ತವೂ ಇತ್ತು. ನಾನು ಕಿತ್ತಳೆಹಣ್ಣು ಆರಿಸತೊಡಗಿದೆ. ಯಾಕೆಂದು ಈಗಲೂ ಗೊತ್ತಿಲ್ಲ.

ವಾಪಸು ಬರುವಾಗ ವ್ಯಾನು ನಾನೇ ಓಡಿಸಿದೆ. ಮಾಲೀಕರ ಹೆಂಡತಿ ಹಿಂದಿನ ಸೀಟಿನಲ್ಲಿ ಒಡವೆ ಪೆಟ್ಟಿಗೆ ತಬ್ಬಿಕೊಂಡು ಅಳುತ್ತ ಅಳುತ್ತ ನಿದ್ದೆ ಹೋದಳು. ಎಡಗಡೆ ಸಮುದ್ರ ಶುರುವಾದಾಗ ಅಂಕಲ್ ನೀರು ಕೇಳಿದರು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದರು.

“ಬೈದೆ ಅಂತ ಬೇಜಾರ್ ಮಾಡ್ಕಬೇಡ ಕಣಮ್ಮ.”

“ಇಲ್ರಿ ಅಂಕಲ್.”

“ನಿನ್ ಕೈಲಿ ಕರೇದು ಏನೋ ಇತ್ತು. ಅದು ಟೋಪಿ ಅಂತ ಅವ್ರಿಗೆ ಗೊತ್ತಾಗೋ ಹೊತ್ಗೆ ನೀನಿರ್ತಿರ್ಲಿಲ್ಲ.” ಬಾಟಲಿಗೆ ಮುಚ್ಚಳ ತಿರುಗಿಸುತ್ತ, “ಮಗಳಿಗೆ ಹೇಳ್ಬೇಡ. ಕೆಲ್ಸ ಬಿಡಿಸ್ತಾಳೆ” ಎಂದರು.

ಆಗ ನಾನು ಗಾಡಿ ಬದಿಗೆ ಹಾಕಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂತೆ. ತಮ್ಮ ಎದೆಗೆ ಗುರಿ ಇಟ್ಟವರ ಮುಂದೆ ಕೈಯೆತ್ತಿ ನಿಂತವರು ಕೂಗಬಾರದಿತ್ತು, ಅಲುಗಾಡಬಾರದಿತ್ತು. ಅರ್ಥವಾಗದ ಭಾಷೆಯಲ್ಲಿ ಅಬ್ಬರಿಸುವ ಪೇಟದವನನ್ನು ಪೊಲೀಸರು ಏನಂದುಕೊಳ್ಳಬಹುದು ಎಂಬುದು ನನಗಿಂತ ಅಂಕಲ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೂಗಿದರು. ನನ್ನ ಅಳು ನಿಂತ ಮೇಲೆ ಅಂಕಲ್ ಅದೇ ಬಾಟಲಿಯನ್ನು ನನ್ನತ್ತ ಚಾಚಿದರು.

ಮರುದಿನ ಬಾಗಿಲಲ್ಲಿ ಅದೇ ಮನುಷ್ಯ, ಅದೇ ಎದ್ದ ಕುದುರೆ. ನನಗೆ ಸಿಟ್ಟು ಬಂತು. “ಇನ್ನರ ಕುದುರಿ ಎತ್ತೂದು ಬಿಡ್ರಿ ಅಂಕಲ್” ಎಂದೆ. “ಬಿಟ್ರೆ ಪೂರ್ತಿ ಬಿಡೋದು. ಅರ್ಧಂಬರ್ಧ ಕಾಯೋದು ಕಾವಲಲ್ಲ” ಎಂದರು. ಯುಗಾದಿ ಕಳೆದ ಮೇಲೆ ಪೂರ್ತಿಯೇ ಬಿಟ್ಟರು. ಮಗಳ ಹಿತ್ತಿಲಲ್ಲಿ ಅವರೆಬಳ್ಳಿ ಹಬ್ಬಿಸಿ, ಕಾಯಿ ಬಿಟ್ಟಾಗಲೆಲ್ಲ ಚೀಲ ಹಿಡಿದು ಅಂಗಡಿಗೆ ಬರುತ್ತಿದ್ದರು. ಖಾಲಿ ಸೊಂಟ ನೋಡಿದರೆ ಬೇರೆ ಯಾರೋ ಅನ್ನಿಸುತ್ತಿತ್ತು.

ಹೋದ ವರ್ಷ ನಿದ್ದೆಯಲ್ಲೇ ಅವರ ಹೃದಯ ನಿಂತಿತು. ಚಿತಾಗಾರದ ಹಾಲ್‌ನಲ್ಲಿ ಮೂವತ್ತು ನಲವತ್ತು ಜನ ಇದ್ದೆವು. ಮಗಳು ಮುಂದೆ ನಿಂತು ನಾಲ್ಕು ಮಾತಾಡಿದಳು. “ಅಪ್ಪ ಒಬ್ಬರ ಮೇಲೂ ದನಿ ಎತ್ತಿದವರಲ್ಲ. ನನಗೆ ಹುಟ್ಟಿದಾಗಿನಿಂದ ಒಂದು ಸಲವೂ ಬೈದಿಲ್ಲ” ಎಂದಳು.

ಎಲ್ಲ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಅವಳ ಹತ್ತಿರ ಹೋದೆ. ಹೇಳಬೇಡ ಎಂದಿದ್ದರು, ಆದರೆ ಈಗ ಯಾವ ಕೆಲಸ ಬಿಡಿಸುತ್ತಾಳೆ? “ನನಗೊಮ್ಮೆ ಬೈದಿದ್ರು ಅಕ್ಕಾ” ಎಂದು ಎಲ್ಲ ಹೇಳಿದೆ, ಶಾಲು, ಬಂದೂಕು, ಟೋಪಿ. ಅವಳು ಪಕ್ಕದ ಕುರ್ಚಿ ಹಿಡಿದುಕೊಂಡು ಕೂತಳು. ನನ್ನ ಕೈ ಎಳೆದುಕೊಂಡು ಕೇಳಿದಳು:

“ಹೆಂಗೆ ಕೂಗಿದ್ರು? ಅವರ ಥರಾನೇ ಒಂದ್ಸಲ ಕೂಗಿ.”

ಹಾಲ್‌ನಲ್ಲಿ ಇನ್ನೂ ಜನರಿದ್ದರು. ನಾನು ಕೂಗಿದೆ.